ಹಾಳೆಯ ಹಿಂಬದಿ

ವಕೀಲರ ಸಂಘದ ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ನ್ಯಾಯಾಧೀಶರೇ, ಸಹೋದ್ಯೋಗಿಗಳೇ, ನನ್ನ ಮನೆಯವರೇ, ಊಟದ ತನಕ ಕುಳಿತೇ ತೀರಬೇಕಾದ ಸಭಿಕರೇ,

ಮೂವತ್ತೊಂದು ವರ್ಷ ದಾಖಲೆ ಕೊಠಡಿ ಕಾಯ್ದು ನಿವೃತ್ತನಾಗುತ್ತಿರುವವನಿಗೆ ಗೋಡೆ ಗಡಿಯಾರ ಕೊಟ್ಟಿದ್ದೀರಿ. ಬಹಳ ಸಂತೋಷ. ಈ ಸಭೆಯಲ್ಲಿ ಅರ್ಧಕ್ಕರ್ಧ ವಕೀಲರ ಮುಖವನ್ನು ನಾನು ನೋಡುತ್ತಿರುವುದು ಇವತ್ತೇ ಮೊದಲು. ಸಹಿಗಳು ಮಾತ್ರ ಚೆನ್ನಾಗಿ ಪರಿಚಯ.

ವಿಚಾರಣೆಗೆ ಮುಂಚೆ, ಎದುರು ಪಕ್ಷದವರು ಕೊಟ್ಟ ಮೂಲ ದಾಖಲೆಯನ್ನು ಬಂದು ನೋಡಿಕೊಳ್ಳಿ ಎಂದು ನಿಯಮವಿದೆ. ಅದಕ್ಕೊಂದು ದಿನ, ಒಂದು ಮೇಜು, ಸಹಿ ಹಾಕಲು ಒಂದು ಪುಸ್ತಕ. ನೀವು ಮಾಡಿದ್ದೇನು? ಗುಮಾಸ್ತನ ಕೈಲಿ ಪುಸ್ತಕವನ್ನು ಕ್ಯಾಂಟೀನಿಗೆ ತರಿಸಿಕೊಂಡು, ಚಹಾ ಲೋಟ ಪಕ್ಕಕ್ಕೆ ಸರಿಸಿ, 'ಮೂಲ ನೋಡಿದೆ' ಎಂದು ಗೀಚಿದಿರಿ. ಕಟ್ಟಿನ ದಾರ ಬಿಚ್ಚಿಲ್ಲ, ಧೂಳು ಅಲ್ಲಾಡಿಲ್ಲ, ಆದರೂ ನೋಡಿದೆ! ಎಂಥ ದಿವ್ಯದೃಷ್ಟಿ ಸ್ವಾಮಿ ನಿಮ್ಮದು! ಒಮ್ಮೆ ಒಬ್ಬರನ್ನು ಕೇಳಿಯೇಬಿಟ್ಟೆ. "ಜೆರಾಕ್ಸ್ ಕೊಟ್ಟಿದಾರಲ್ಲಪ್ಪ, ಅದರಲ್ಲಿ ಇಲ್ಲದ್ದು ಇದರಲ್ಲೇನಿರುತ್ತೆ?" ಅಂದರು.

ಹಿಂಬದಿ ಇರುತ್ತದೆ! ಜೆರಾಕ್ಸ್ ಮಾಡುವವರು ಮುಂದಿನ ಮಗ್ಗುಲು ಮಾತ್ರ ಮಾಡುತ್ತಾರೆ. ಛಾಪಾ ಕಾಗದ ಮಾರಿದವನ ಮುದ್ರೆ, ಮಾರಿದ ತಾರೀಖು ಇರುವುದು ಹಿಂದೆ. ಇಷ್ಟು ತಿಳಿಯಲು ಕಾನೂನು ಓದಬೇಕೇ?

ಹೆಸರು ಬೇಡ, ಒಂದು ಪ್ರಕರಣ ಹೇಳುತ್ತೇನೆ. ಒಬ್ಬ ಅಣ್ಣ, ಒಬ್ಬಳು ತಂಗಿ. ಅಪ್ಪ ತೀರಿಕೊಂಡರು. ತಂಗಿ ಮನೆಯಲ್ಲಿ ಪಾಲು ಕೇಳಿದಳು. ಅಣ್ಣ ಅಪ್ಪನ ಉಯಿಲು ತಂದಿಟ್ಟ: ಮನೆ ಪೂರ್ತಿ ಮಗನಿಗೆ. ಸಾಯುವ ಹಿಂದಿನ ವರ್ಷದ ತಾರೀಖು, ಕೆಳಗೆ ಅಪ್ಪನ ಸಹಿ. ಆದರೆ ಆ ಛಾಪಾ ಕಾಗದ ಮಾರಾಟವಾದದ್ದು ಅಪ್ಪ ಸತ್ತು ಮೂರು ವಾರದ ಮೇಲೆ! ಹಾಳೆ ಮಗುಚಿದ್ದರೆ ಮೊಕದ್ದಮೆ ಅಂದೇ ಮುಗಿಯುತ್ತಿತ್ತು. ತಂಗಿಯ ವಕೀಲರು ಮಗುಚಿದರೇ? ಕ್ಯಾಂಟೀನಿನಲ್ಲಿ ಸಹಿ ಹಾಕಿದರು. ಅಧ್ಯಕ್ಷರೇ, ನಗಬೇಡಿ, ಆ ವಕೀಲರು ನೀವೇ.

ಬರೀ ತಾರೀಖಲ್ಲ ಸ್ವಾಮಿ, ಆ ಮುದ್ರೆ ಕಣ್ಣಿಗೆ ರಾಚುವಷ್ಟು ದಪ್ಪ. ಅಂಗಡಿಯವನು, "ಮಸಿ ಇನ್ನೂ ಹಸಿ ಇದೆ ಸಾರ್, ಮಡಚಬೇಡಿ" ಅಂದ. ನಾನು ಅಲ್ಲೇ ನಿಂತು ಊದುತ್ತಾ...

ಅಧ್ಯಕ್ಷರೇ, ಯಾಕೆ ಎದ್ದು ನಿಂತಿರಿ?

ಹೌದು. ಊದಿದವನು ನಾನೇ, ಆ ಅಣ್ಣ ನಾನೇ. ಬಾಯಿ ಜಾರಿತು, ಇನ್ನು ಮುಚ್ಚಿ ಏನು ಪ್ರಯೋಜನ! ಆ ಕಟ್ಟು ನನ್ನ ಬೀರುವಿನಲ್ಲೇ ಇತ್ತು. ಯಾರಾದರೂ ಬಿಚ್ಚುತ್ತಾರೆಂದು ದಿನವೂ ಬಾಗಿಲು ನೋಡುತ್ತಾ ಕಾದೆ. ಯಾರೂ ಬರಲಿಲ್ಲ. ನಿಮ್ಮ ಸೋಮಾರಿತನವನ್ನು ಇಷ್ಟು ಹೊತ್ತು ಬೈದೆನಲ್ಲ, ಹದಿನಾರು ವರ್ಷ ಅದರ ಅನ್ನ ಉಂಡವನು ನಾನು. ಥೂ, ನನ್ನ ಜನ್ಮಕ್ಕಿಷ್ಟು!

ಸೋತು ಹೊರಬಂದ ದಿನ ತಂಗಿ ನನ್ನ ಜೊತೆ ಜಗಳವಾಡಲಿಲ್ಲ. "ಅಪ್ಪಾನೇ ನನ್ನ ಬೇಡ ಅಂದ್ಮೇಲೆ ನಿನ್ನ ಮೇಲೇನು ಸಿಟ್ಟು ಬಿಡಣ್ಣ" ಅಂದಳು. ಅಂದಿನಿಂದ ಅಪ್ಪನ ಫೋಟೋ ಗೋಡೆಯಿಂದ ತೆಗೆದಿಟ್ಟಿದ್ದಾಳೆ. ಬಾಡಿಗೆಯ ಒಂದೇ ಕೋಣೆಯಲ್ಲಿದ್ದಾಳೆ. ನಾನು ತೊಟ್ಟಿರುವ ಈ ಅಂಗಿಗೆ ಬೆಳಿಗ್ಗೆ ಇಸ್ತ್ರಿ ಹಾಕಿಕೊಟ್ಟವಳೂ ಅವಳೇ.

ನಾಲ್ಕನೇ ಸಾಲಿನಿಂದ ಎದ್ದು ಹೊರಟಿದ್ದಾಳೆ ನೋಡಿ. ದಾರಿ ಬಿಡಿ, ಯಾರೂ ತಡೆಯಬೇಡಿ. ಪುಟ್ಟಿ, ಅಪ್ಪ ನಿನ್ನ ಬೇಡ ಅಂದಿರಲಿಲ್ಲ ಕಣೇ. ಆ ಕಡೆ ಗೇಟು. ದಾಖಲೆ ಕೊಠಡಿ ಎಡಗಡೆ, ಐದು ಗಂಟೆಯ ತನಕ ತೆರೆದಿರುತ್ತೆ, ಆ ಕಟ್ಟು ಇನ್ನೂ ಅಲ್ಲೇ ಇದೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ವಂದನೆಗಳು. ಗಡಿಯಾರವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ನಮಸ್ಕಾರ.