ಗೋಡೆಯ ಮೇಲಿನ ಅತ್ತೆ

ಅವತ್ತು ಗುರುವಾರ. ಎರಡು ಸಾವಿರದ ಐದನೇ ಇಸವಿ, ಫೆಬ್ರುವರಿ ಹದಿನೇಳು. ಧನಕವಡಿಯ ಗುಡ್ಡದ ಬುಡದಲ್ಲಿ ಹಳೇ ಟೀವಿ ಸ್ಟುಡಿಯೋ ಇತ್ತಲ್ಲ, ಅದರ ಹಿಂದಿನ ಗೇಟಿನಿಂದ ಶರಣಮ್ಮ ಹೊರಬಿದ್ದಾಗ ರಾತ್ರಿ ಹನ್ನೊಂದೂಕಾಲು. ಆಗ ಅಲ್ಲಿ ಮದುವೆ ಹಾಲ್ ಆಗಿತ್ತು. ಮದುವೆ ಮುಗಿದಿತ್ತು, ಪಾತ್ರೆ ತೊಳೆದಾಗಿತ್ತು, ಅಡುಗೆಯವರು ಟೆಂಪೋ ತುಂಬಿಕೊಂಡು ಹೋಗಿದ್ದರು. ಅವಳ ಕೈಯಲ್ಲಿ ಉಳಿದ ಜಿಲೇಬಿಯ ಡಬ್ಬಿ.

ರಸ್ತೆಗೆ ಬರಬೇಕಾದರೆ ಬಾವಿಯ ಪಕ್ಕದಲ್ಲೇ ಹಾಯಬೇಕು. ಮೇಲೆ ಕಬ್ಬಿಣದ ಜಾಳಿಗೆ ಹಾಕಿದ ಹಳೇ ಬಾವಿ, ಯಾರು ಹಾದರೂ ಜಾಳಿಗೆ ಗಡಗಡ ಅನ್ನುತ್ತಿತ್ತು. ಬಾವಿಗೆ ಆಕೆ ಎಂದೂ ಹೆದರಿದವಳಲ್ಲ. ಆಕೆ ಹೆದರುತ್ತಿದ್ದದ್ದು ಬಾವಿಯ ಎದುರಿನ ಮದುವೆ ಹಾಲಿಗೆ.

ಅವತ್ತೂ ಕೇಳಿಸಿತು.

ಕಿರ್ರ್… ಕಟ್. ಕಿರ್ರ್… ಕಟ್.

ತೂಗುಮಣೆಯ ಸರಪಳಿ. ಹೋಗುವಾಗ ಕಿರ್ರ್ ಅನ್ನುತ್ತದೆ, ಬರುವಾಗ ಕೊಂಡಿ ಕಟ್ ಅನ್ನುತ್ತದೆ. ಬೀಗ ಹಾಕಿದ ಹಾಲಿನ ಒಳಗಿನಿಂದ. ಆ ಹಾಲಿನಲ್ಲಿ ತೂಗುಮಣೆ ಇರಲಿಲ್ಲ. ಮೂರು ವರ್ಷದ ಹಿಂದೆ ಇತ್ತು.

ಆಮೇಲೆ ಗಾಜಿನ ಬಳೆಗಳ ಸದ್ದು. ಆಮೇಲೆ, ಕಿವಿಯ ಹತ್ತಿರವೇ ಬಂದ ಹಾಗೆ, ಒಬ್ಬ ಮುದುಕಿಯ ದನಿ… ಶುದ್ಧ ಮರಾಠಿ.

“ಸೂನಬಾಯಿ… ದಿವಾ ಲಾವಲಾಸ ಕಾ?”

ಸೊಸೆಯೇ, ದೀಪ ಹಚ್ಚಿದೆಯಾ ಎಂದು.

ದನಿ ಯಾರದೆಂದು ಶರಣಮ್ಮನಿಗೆ ಗೊತ್ತಿತ್ತು. ಅವಳ ಅತ್ತೆ ಅವ್ವಮ್ಮನದು. ಅವ್ವಮ್ಮ ತೀರಿಕೊಂಡು ಹತ್ತು ವರ್ಷವಾಗುತ್ತ ಬಂದಿತ್ತು. ಬದುಕಿದ್ದಾಗ ಆಕೆಗೆ ಮರಾಠಿಯ ಒಂದು ಮಾತೂ ಬರುತ್ತಿರಲಿಲ್ಲ.

ಇದು ಹೇಗಾಯಿತು ಅನ್ನಬೇಕಾದರೆ ಆ ಜಾಗದ ಕತೆ ಹೇಳಬೇಕು. ಮೊದಲು ಅಲ್ಲಿ ಬಿಸ್ಕಿಟ್ ಕಾರ್ಖಾನೆ ಇತ್ತು. ಗಾಳಿ ಈ ಕಡೆ ಬೀಸಿದರೆ ನಮ್ಮ ಓಣಿಗೆಲ್ಲ ಸುಟ್ಟ ಸಕ್ಕರೆಯ ವಾಸನೆ. ತೊಂಬತ್ತೊಂದರಲ್ಲಿ ಅದು ಮುಚ್ಚಿತು. ತೊಂಬತ್ನಾಲ್ಕರಲ್ಲಿ ಮುಂಬೈಯವರು ಯಾರೋ ಕೊಂಡು, ಭಟ್ಟಿ ಕಿತ್ತು, ಗೋಡೆ ಎತ್ತರಿಸಿ, ಸದ್ದು ಹೊರಗೆ ಹೋಗದಂತೆ ಒಳಗೆಲ್ಲ ಗೋಣಿತಟ್ಟು ಬಡಿದು ಸ್ಟುಡಿಯೋ ಮಾಡಿದರು. ಆ ಗೋಡೆ ಎತ್ತರಿಸಿದ ಕೂಲಿಗಳಲ್ಲಿ ಸುರಪುರದ ಕಡೆಯ ತಾಯಪ್ಪ, ಅವನ ಹೆಂಡತಿ ಶರಣಮ್ಮ, ತಾಯಿ ಅವ್ವಮ್ಮ ಇದ್ದರು. ಬಾವಿಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಕಟ್ಟಡ ಮುಗಿದ ಮೇಲೆ ತಾಯಪ್ಪ ಚಾಕಣದ ಕಡೆ ಕಾರ್ಖಾನೆ ಕಟ್ಟುವ ಕೆಲಸ ಹಿಡಿದ. ಶರಣಮ್ಮ ಸ್ಟುಡಿಯೋದಲ್ಲೇ ಕಸ ಗುಡಿಸಲು ನಿಂತಳು.

ಅವ್ವಮ್ಮ ಮಗನ ಹಿಂದೆ ಇಪ್ಪತ್ತು ವರ್ಷ ಊರೂರು ಅಲೆದವಳು. ಎಷ್ಟೋ ಜನರ ಮನೆಗೆ ಇಟ್ಟಿಗೆ ಹೊತ್ತವಳು ತಾನು ಮಲಗಿದ್ದು ಮಾತ್ರ ತಗಡು, ತಾಡಪಾಲಿನ ಕೆಳಗೆ. ತೊಂಬತ್ತೈದರ ಮಳೆಗಾಲದಲ್ಲಿ ಜ್ವರ ಬಂದು ಮಲಗಿದಾಗ ಸೊಸೆಯ ಕೈ ಹಿಡಿದು ಒಂದೇ ಮಾತು ಹೇಳಿದಳು.

“ಹೊಸ್ತಲಾ ಇರೋ ಮನಿಯಾಗ ಇಡು ನನ್ನ, ಶರಣಿ.”

ಶರಣಮ್ಮ ಹೂಂ ಅಂದಳು. ಬೆಳಗಾಗುವಷ್ಟರಲ್ಲಿ ಅವ್ವಮ್ಮ ಹೋಗಿಬಿಟ್ಟಿದ್ದಳು.

ಆಕೆಯ ಫೋಟೋ ಇದ್ದದ್ದು ಒಂದೇ. ಕೆಲಸದ ಪಾಸಿಗೆಂದು ಕಂಟ್ರಾಕ್ಟರು ತೆಗೆಸಿದ್ದು. ತಾಯಪ್ಪ ಅದನ್ನು ಬಿಬವೇವಾಡಿಯ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಚೌಕದ ಗಾಜಿನ ಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದ. ತಗಡು ಸೋರುತ್ತಿತ್ತು. ಮಳೆ ಬಂದರೆ ಶರಣಮ್ಮ ಅದನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಮರುವರ್ಷ ಸ್ಟುಡಿಯೋದ ದೊಡ್ಡ ಹಾಲಿನಲ್ಲಿ ಒಂದು ಮರಾಠಿ ಧಾರಾವಾಹಿ ಶುರುವಾಯಿತು. ಹಳೇ ಕಾಲದ ದೊಡ್ಡಮನೆಯಂಥ ಪ್ಲೈವುಡ್ಡಿನ ವಾಡೆ, ನಡುವೆ ತೂಗುಮಣೆ, ಹಿತ್ತಾಳೆ ಕಟ್ಟಿನ ಹೊಸ್ತಿಲು. ಆ ಮನೆಯಲ್ಲಿ ತೀರಿಹೋದ ಅತ್ತೆಯ ಫೋಟೋ ಗೋಡೆಯ ಮೇಲೆ ಬೇಕು. ಸೆಟ್ಟಿನ ಸಾಮಾನು ನೋಡಿಕೊಳ್ಳುವ ಪಂಢರಿನಾಥ ಊರಲ್ಲಿದ್ದ ಮುದಿ ನಟಿಯರನ್ನೆಲ್ಲ ಕೇಳಿ ಬಂದ. ಬದುಕಿರುವಾಗಲೇ ತನ್ನ ಫೋಟೋಕ್ಕೆ ಹಾರ ಹಾಕಿಸಿಕೊಳ್ಳುವವರು ಯಾರು? ಒಬ್ಬಾಕೆ ಚಪ್ಪಲಿ ತೋರಿಸಿ ಕಳಿಸಿದಳಂತೆ. ಕೊನೆಗೆ ಅವನ ಕಣ್ಣು ಶೆಡ್ಡಿನ ಫೋಟೋದ ಮೇಲೆ ಬಿತ್ತು.

ಶರಣಮ್ಮ ಕೇಳಿದ್ದು ಒಂದೇ. ಅಲ್ಲಿ ಮಳೆನೀರು ಬೀಳುವುದಿಲ್ಲ ತಾನೆ? ಟೀವಿಯವರ ಗೋಡೆ ಶರಣಾಬಾಯಿ, ಸೊಳ್ಳೆಯೂ ಬರೋದಿಲ್ಲ ಅಂದ ಪಂಢರಿನಾಥ. ಅವಳು ಕೊಟ್ಟುಬಿಟ್ಟಳು. ಅತ್ತೆಗೆ ಹೊಸ್ತಿಲಿರುವ ಮನೆ ಸಿಕ್ಕಿತೆಂದುಕೊಂಡಳು. ಆದರೆ ಗಂಡನಿಗೆ ಹೇಳುವ ಧೈರ್ಯವಾಗಲಿಲ್ಲ. ತಾಯಿಯ ಫೋಟೋವನ್ನು ನಾಟಕದವರಿಗೆ ಕೊಟ್ಟೆ ಎಂದು ಯಾವ ಬಾಯಿಂದ ಹೇಳುವುದು? ಮಳೆಗೆ ನೆನೆದು ಹಾಳಾಯಿತು ಅಂದಳು. ತಾಯಪ್ಪ ಎರಡು ದಿನ ಊಟ ಮಾಡಲಿಲ್ಲ.

ಅತ್ತ ಸ್ಟುಡಿಯೋದ ಪೇಂಟರ್ ಫೋಟೋಕ್ಕೆ ಬಣ್ಣ ಹಚ್ಚಿದ. ಮೂಗಿಗೆ ಮುತ್ತಿನ ನತ್ತು. ಮೈಮೇಲೆ ಕುಂಕುಮ ಬಣ್ಣದ ಪೈಠಣಿ ಸೀರೆ. ಕೈತುಂಬ ಹಸಿರು ಬಳೆ. ಮೂವತ್ತು ವರ್ಷ ಬರಿ ಹಣೆಯಲ್ಲಿದ್ದ ವಿಧವೆ ಅವ್ವಮ್ಮನಿಗೆ ಸತ್ತ ಮೇಲೆ ಕುಂಕುಮ ಬಂತು. ಚೌಕದ ಕಟ್ಟು ತೆಗೆದು ಮೊಟ್ಟೆಯಾಕಾರದ ಕೆತ್ತನೆಯ ಕಟ್ಟು ಹಾಕಿದರು.

ಆ ಧಾರಾವಾಹಿಯಲ್ಲಿ ದಿನಾ ಒಂದು ದೀಪದ ದೃಶ್ಯ. ಹಿರಿಸೊಸೆಯ ಪಾತ್ರದ ಸಾಯಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಫೋಟೋದ ಮುಂದೆ ದೀಪ ಹಚ್ಚಬೇಕು. ಅತ್ತೆಯೇ ಕೇಳಿದಂತೆ ಹಿನ್ನೆಲೆಯಿಂದ ಒಂದು ದನಿ ಬರಬೇಕು… ಸೂನಬಾಯಿ, ದಿವಾ ಲಾವಲಾಸ ಕಾ? ಸಾಯಲಿ ಬಗ್ಗಿ ಹೇಳಬೇಕು… ಹೋ ಸಾಸೂಬಾಯಿ, ಲಾವಲಾ. ಹಚ್ಚಿದೆ ಅತ್ತೆಯವರೇ ಎಂದು. ನಾಟಕವೆಂದರೂ ಎಣ್ಣೆ ನಿಜದ್ದು, ಬತ್ತಿ ನಿಜದ್ದು, ಹೂವು ನಿಜದ್ದು. ಐದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ನಿಜವಾದ ಸೊಸೆ ಶೂಟಿಂಗಿನ ದೀಪಗಳ ಹಿಂದೆ, ಕತ್ತಲಲ್ಲಿ, ಕಸಬರಿಗೆ ಹಿಡಿದು ನಿಂತಿರುತ್ತಿದ್ದಳು.

ಒಮ್ಮೆ ತಾಯಪ್ಪ ಚಹಾದ ಅಂಗಡಿಯ ಟೀವಿಯಲ್ಲಿ ನೋಡಿಬಿಟ್ಟ. ಮನೆಗೆ ಬಂದವನೇ, ಥೇಟ್ ನಮ್ಮವ್ವನಂಗ ಅದಾಳ ಒಬ್ಬಾಕಿ ಅಂದ. ಶರಣಮ್ಮನ ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.

“ನಿಮ್ಮವ್ವಗ ನತ್ತು ಮಾಡಿಸಿಕೊಟ್ಟವರು ಯಾರು? ಕಂಟ್ರಾಕ್ಟರಾ?” ಎಂದು ನಕ್ಕಳು. ಅವನೂ ನಕ್ಕ. ಮತ್ತೆ ಆ ಮಾತು ಎತ್ತಲಿಲ್ಲ.

ಎರಡು ಸಾವಿರದ ಎರಡರ ಜನವರಿಯಲ್ಲಿ ಧಾರಾವಾಹಿ ನಿಂತಿತು. ಮುಹೂರ್ತಕ್ಕೆ ತೆಂಗಿನಕಾಯಿ ಒಡೆದಿದ್ದವರು ಮುಗಿಸುವಾಗ ಕೈ ಕೂಡ ಮುಗಿಯಲಿಲ್ಲ. ಒಂದೇ ರಾತ್ರಿಯಲ್ಲಿ ವಾಡೆಯನ್ನೆಲ್ಲ ಕಿತ್ತು ಟೆಂಪೋಕ್ಕೆ ಎಸೆದರು. ಬೆಳಿಗ್ಗೆ ಶರಣಮ್ಮ ಬಂದಾಗ ಉಳಿದದ್ದು ಬರೀ ಸಿಮೆಂಟು ನೆಲ. ಫೋಟೋ ಎಲ್ಲಿ ಹೋಯಿತೋ ಪಂಢರಿನಾಥನಿಗೂ ಗೊತ್ತಿರಲಿಲ್ಲ.

ಮುಂದೆ ಸ್ಟುಡಿಯೋ ಮುಚ್ಚಿ ಅದೇ ದೊಡ್ಡ ಹಾಲ್ ಮದುವೆ ಹಾಲ್ ಆಯಿತು. ಪಂಢರಿನಾಥನೇ ಮ್ಯಾನೇಜರು, ಕಸ ಗುಡಿಸಲು ಶರಣಮ್ಮನೇ. ವರ್ಷ ತುಂಬುವಷ್ಟರಲ್ಲಿ ವಿಡಿಯೋ ತೆಗೆಯುವವನು ಬೇರೆ ಬೇರೆ ಮೂರು ಮದುವೆಗಳ ಕ್ಯಾಸೆಟ್ ತಂದು ಅವನಿಗೆ ತೋರಿಸಿದ. ಮೂರರಲ್ಲೂ, ಹಿಂದೆ ಫೋಟೋ ಇದ್ದ ಪೂರ್ವದ ಗೋಡೆಯ ಬಳಿ ಒಬ್ಬ ಮುದುಕಿ. ನತ್ತು, ಕುಂಕುಮ ಬಣ್ಣದ ಪೈಠಣಿ. ಹುಡುಗಿಯ ಕಡೆಯವರು ಹುಡುಗನ ಅಜ್ಜಿ ಅಂದುಕೊಂಡಿದ್ದರು. ಹುಡುಗನ ಕಡೆಯವರು ಹುಡುಗಿಯ ಅಜ್ಜಿ ಅಂದುಕೊಂಡಿದ್ದರು. ಊಟಕ್ಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಪಂಢರಿನಾಥ ಶರಣಮ್ಮನನ್ನು ಕರೆದು ತೋರಿಸಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು.

ಈಗ, ಎರಡು ಸಾವಿರದ ಐದರ ಆ ಫೆಬ್ರುವರಿಯಲ್ಲಿ, ಮದುವೆ ಹಾಲ್ ಮತ್ತೆ ಕೈ ಬದಲಾಯಿಸಿತ್ತು. ಚಾಕಣದ ಕಾರ್ಖಾನೆಗಳ ಬಿಡಿಭಾಗ ಇಡುವ ಗೋದಾಮು ಆಗಬೇಕು. ಸೋಮವಾರ ಪೂರ್ವದ ಗೋಡೆ ಒಡೆಯುತ್ತಾರೆ. ಅದರ ಹಿಂದಿನ ದಿನ, ಭಾನುವಾರ, ಶರಣಮ್ಮನ ಸ್ವಂತ ಮನೆಯ ಗೃಹಪ್ರವೇಶ. ನಮ್ಮ ಓಣಿಯಲ್ಲೇ, ಎರಡೇ ಕೋಣೆ. ತಾಯಪ್ಪ ತಾನೇ ಬೇವಿನ ಹೊಸ್ತಿಲು ಕೂರಿಸಿದ್ದ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿದ್ದ. ಫೋಟೋ ಇಲ್ಲದಿದ್ದರೇನು, ಅವ್ವನ ಹೆಸರಲ್ಲಿ ಮೊಳೆಯಾದರೂ ಇರಲಿ ಎಂದು.

ಆ ಗೋಡೆಯೂ ಹೋದರೆ ಅತ್ತೆ ಎಲ್ಲಿಗೆ ಹೋಗುತ್ತಾಳೆ?

ಅದೇ ಗುರುವಾರ ರಾತ್ರಿ ಶರಣಮ್ಮ ಜಿಲೇಬಿಯ ಡಬ್ಬಿ ಕೆಳಗಿಟ್ಟು ಗಂಡನ ಎದುರು ಕೂತಳು.

“ಮಳಿ ಒಯ್ದಿಲ್ಲ,” ಅಂದಳು. “ನಾ ಕೊಟ್ಟೆ.”

ಎಲ್ಲ ಹೇಳಿದಳು. ತಾಯಪ್ಪ ಬೀಡಿ ಆರಿಸಿದ.

“ಆ ಟೀವ್ಯಾಗ ಇದ್ದಾಕಿ…”

“ಹೌದು.”

“ನಾ ಗುರ್ತ ಹಿಡಿದಿದ್ದೆ, ಶರಣಿ. ನೀ ನಕ್ಕಿ.”

ಅಷ್ಟೇ ಅಂದ. ಗೋಡೆಯ ಕಡೆ ತಿರುಗಿ ಮಲಗಿದ. ಶನಿವಾರ ರಾತ್ರಿ ಚಪ್ಪಲಿ ಮೆಟ್ಟಿ, ನಡಿ, ಕರಕೊಂಡು ಬರಾಮು ಅಂದ.

ಪಂಢರಿನಾಥ ಕೀಲಿ ಕೊಟ್ಟು ಬಾವಿಯ ಹತ್ತಿರವೇ ನಿಂತ. ಒಳಗೆ ಬರಲಿಲ್ಲ. ಕರೆಂಟು ಆಗಲೇ ತೆಗೆಸಿದ್ದರು. ಶರಣಮ್ಮನ ಕೈಯಲ್ಲಿ ಹಿತ್ತಾಳೆಯ ಸಣ್ಣ ದೀಪ, ಇನ್ನೂ ಹಚ್ಚಿರಲಿಲ್ಲ. ಬಾಗಿಲು ತೆರೆದರೆ ಒಳಗೆ ಬಿಸ್ಕಿಟ್ಟಿನ ವಾಸನೆಯಿಲ್ಲ, ಮದುವೆಯ ವಾಸನೆಯಿಲ್ಲ… ಸುಟ್ಟ ಬತ್ತಿಯ ವಾಸನೆ.

ಕಿರ್ರ್… ಕಟ್. ಕಿರ್ರ್… ಕಟ್.

“ಯವ್ವಾ,” ಅಂದ ತಾಯಪ್ಪ.

ಸದ್ದು ನಿಂತಿತು.

“ಕೋಣ ಆಹೇ?” ಯಾರದು ಎಂದು ಕತ್ತಲು ಕೇಳಿತು.

“ನಾ, ಯವ್ವಾ. ತಾಯಪ್ಪ. ನಿನ ಮಗ.”

ತಗಡಿನ ಮೇಲೆ ಯಾವುದೋ ಹಕ್ಕಿ ಒಮ್ಮೆ ಕಾಲು ಗೀರಿತು. ಆಮೇಲೆ, ಬಹಳ ಮೆಲ್ಲಗೆ…

“ಯಾ ಘರಾತ ತಾಯಪ್ಪಾ ಕೋಣೀ ನಾಹೀ.”

ಈ ಮನೆಯಲ್ಲಿ ತಾಯಪ್ಪ ಎಂಬವರು ಯಾರೂ ಇಲ್ಲ.

ತಾಯಪ್ಪ ಗೋಡೆಗೆ ಕೈಯೂರಿದ. ಇನ್ನೊಮ್ಮೆ ಕರೆಯಲು ಹೋದವನ ಭುಜ ಒತ್ತಿ ಶರಣಮ್ಮ ತಡೆದಳು. ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಐದು ವರ್ಷ ನೋಡಿದ್ದಳು. ಬೆಂಕಿಕಡ್ಡಿ ಗೀರಿದಳು. ಸಾಯಲಿ ಮಾಡುತ್ತಿದ್ದ ಹಾಗೆಯೇ ಎಡಗೈಯಲ್ಲಿ ಸೆರಗು ತಲೆಗೆ ಎಳೆದುಕೊಂಡಳು, ಬಲಗೈಯಲ್ಲಿ ದೀಪ ಹಚ್ಚಿದಳು, ಪೂರ್ವದ ಗೋಡೆಗೆ ಮುಖ ಮಾಡಿ ನಿಂತಳು. ಕಾದಳು.

“ಸೂನಬಾಯಿ… ದಿವಾ ಲಾವಲಾಸ ಕಾ?”

ಶರಣಮ್ಮ ಬಗ್ಗಿದಳು. “ಹೋ ಸಾಸೂಬಾಯಿ… ಲಾವಲಾ.”

ಬಗ್ಗಿದ ಹಾಗೆಯೇ ಹಿಂದಕ್ಕೆ ಹೆಜ್ಜೆ ಹಾಕಿದಳು. ಒಂದು. ಎರಡು. ದೀಪ ಅಲುಗಲಿಲ್ಲ. ಬಳೆಗಳು ಕಿಣಿ ಅಂದವು, ಹತ್ತಿರ. ಬಾಗಿಲು ದಾಟಿದಳು, ಬಾವಿ ದಾಟಿದಳು, ರಸ್ತೆಗೆ ಬಂದು ಮನೆಯ ಕಡೆ ಮುಖ ಮಾಡಿದಳು. ಅವಳು ನಿಂತರೆ ಬಳೆ ನಿಲ್ಲುತ್ತಿತ್ತು. ನಡೆದರೆ ಕಿಣಿ… ಕಿಣಿ… ಬಾವಿಯ ಬಳಿ ಇದ್ದ ಪಂಢರಿನಾಥ ಇಬ್ಬರು ಹೋಗುವುದನ್ನು ಮಾತ್ರ ಕಂಡನಂತೆ. ಆದರೆ ಮೂವರು ಹಾಯುವಷ್ಟು ಹೊತ್ತು ಜಾಳಿಗೆ ಗಡಗಡ ಅಂದಿತಂತೆ.

“ಬರಾಕತ್ತಾಳೇನು?” ತಾಯಪ್ಪ ಪಿಸುಗುಟ್ಟಿದ.

“ಬರಾಕತ್ತಾಳ. ಯಾರು ಅಂತ ಕೇಳಬ್ಯಾಡ.”

ಬೇವಿನ ಹೊಸ್ತಿಲ ಮುಂದೆ ಬಳೆಯ ಸದ್ದು ನಿಂತಿತು. ಶರಣಮ್ಮ ಒಳಗೆ ಹೋಗಿ ಮೊಳೆಯ ಕೆಳಗೆ ದೀಪ ಇಟ್ಟಳು. ತಾಯಪ್ಪ ಹೊಸ್ತಿಲಿಗೆ ಹಣೆ ಹಚ್ಚಿ ಅತ್ತ. ಆಗ, ಅವನ ಕಿವಿಯ ಪಕ್ಕದಲ್ಲಿ, ಹಸಿ ಕಟ್ಟಿಗೆಯ ಮೇಲೆ ಬರಿಗಾಲು ಇಟ್ಟ ಸದ್ದು. ಥಪ್. ಇನ್ನೊಂದು. ಥಪ್.

ಭಾನುವಾರ ಗೃಹಪ್ರವೇಶವಾಯಿತು. ಸೋಮವಾರ ಗೋಡೆ ಒಡೆದರು. ಅದರೊಳಗೆ ಇಟ್ಟಿಗೆ ಬಿಟ್ಟು ಏನೂ ಇರಲಿಲ್ಲ.

ನಮ್ಮವ್ವ ಮನಿಗಿ ಬಂದಾಳ ಎಂದು ತಾಯಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಶರಣಮ್ಮ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ರಾತ್ರಿ ಎಂಟಕ್ಕೆ, ಆ ಧಾರಾವಾಹಿ ಟೀವಿಯಲ್ಲಿ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಎಲ್ಲಿದ್ದರೂ ಎದ್ದು ದೀಪ ಹಚ್ಚಲು ಮನೆಗೆ ಹೋಗುತ್ತಿದ್ದಳು. ಮರುವರ್ಷದ ಜುಲೈಯಲ್ಲಿ ಒಂದು ದಿನ ಅವಳಿಗೆ ಸಾಕಾಯಿತು. ಸೆರಗು ಎಳೆಯದೆ, ತನ್ನ ಮಾತಿನಲ್ಲೇ, ದೀಪ ಹಚ್ಚೀನಿ ಅತ್ತಿ ಅಂದಳು. ದೀಪ ಆರಿತು. ಮತ್ತೆ ಹಚ್ಚಿದಳು, ಆರಿತು. ಮೂರನೇ ಸಲ ಆರಿದಾಗ, ಕೊಂಡಿಯೇ ಇಲ್ಲದ ಆ ಮನೆಯ ಮಾಳಿಗೆಯಿಂದ, ಕಿರ್ರ್… ಕಟ್. ಮೂಲೆಯಲ್ಲಿ ಕೂತಿದ್ದ ತಾಯಪ್ಪ ಎದ್ದು ಹೊರಗೆ ಹೋದ. ಶರಣಮ್ಮ ತಲೆಗೆ ಸೆರಗು ಎಳೆದುಕೊಂಡಳು.

“ಹೋ ಸಾಸೂಬಾಯಿ… ಲಾವಲಾ.”

ದೀಪ ನಿಂತಿತು. ಅಂದಿನಿಂದ ತಾಯಪ್ಪ ನಮ್ಮವ್ವ ಅನ್ನುವುದನ್ನು ಬಿಟ್ಟ.

ಇದರಲ್ಲಿ ಒಂದಕ್ಷರವೂ ಹೆಚ್ಚು ಹೇಳಿಲ್ಲ. ತಾರೀಖು ಸಮೇತ ಬರೆದಿಟ್ಟದ್ದಿದೆ. ಎರಡು ಸಾವಿರದ ಎಂಟರ ದೀಪಾವಳಿಗೆ, ಸುಣ್ಣ ಹೊಡೆಯುವ ಮೊದಲು, ನಾನೇ ಆ ಮನೆಗೆ ಅಳತೆಯ ಟೇಪು ಹಿಡಿದುಕೊಂಡು ಹೋಗಿದ್ದೆ. ಸ್ಟೋವಿನ ಹೊಗೆಗೆ ಗೋಡೆಯೆಲ್ಲ ಕಪ್ಪಾಗಿತ್ತು. ಮೊಳೆಗೆ ಆವರೆಗೆ ಏನನ್ನೂ ತೂಗುಹಾಕಿರಲಿಲ್ಲ, ಇಬ್ಬರೂ ಆಣೆ ಮಾಡಿ ಹೇಳಿದರು. ಆದರೆ ಮೊಳೆಯ ಕೆಳಗೆ ಒಂದು ಕಡೆ ಮಾತ್ರ ಹೊಗೆ ಹತ್ತದೆ ಸುಣ್ಣ ಬೆಳ್ಳಗೆ ಉಳಿದಿತ್ತು. ಎತ್ತರ ಹದಿನೆಂಟು ಇಂಚು, ಅಗಲ ಹದಿಮೂರು.

ಚೌಕವಲ್ಲ. ಮೊಟ್ಟೆಯಾಕಾರ.