ಎರಡು ಕಡಲಿನ ಮರೀಲಾ

ಹಡಗು ಕಂಪನಿಯ ಕಚೇರಿಯಲ್ಲಿ, ಹೊಲಿದ ಸಮವಸ್ತ್ರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿ ಹೆಂಗಸಿನ ಕಿವಿ, ಕಿಟಕಿಯ ಬಳಿ ನಿಂತಿದ್ದ ಅತ್ತೆ ಸೊಸೆಯರ ಕಡೆ ತಾನಾಗಿ ತಿರುಗಿತು.

“ಏನಂದ್ರೇ ಅವರು? ನನ್ನ ಮಗ ಇದಾನೋ ಇಲ್ವೋ?”

“ಇದಾರೆ ಅತ್ತೆ. ಬೆಳಿಗ್ಗೆ ಹಡಗಿಂದ ಇವರ ಜೊತೆ ಮಾತಾಡಿದ್ರಂತೆ. ಅಲ್ಲೀಗ ಗಾಳಿನೇ ಇಲ್ವಂತೆ.”

“ಮರೀಲಾ ಚಂಡಮಾರುತ ಬರ್ತಿದೆ ಅಂತ ಅವನೇ ಅಂದಿದ್ದ. ಮರೀಲಾ ಒಂದು ಹಡಗನ್ನ ಮುಳುಗಿಸ್ತು ಅಂತ ಟೀವಿಲಿ ಬಂತಲ್ಲೇ!”

“ಅದು ಬೇರೆ ಮರೀಲಾ. ನಿಮ್ಮ ಮಗ ಇರೋ ಕಡಲಿನದ್ದು ನಿನ್ನೆನೇ ಕರಗಿಹೋಯ್ತು. ಒಂದೊಂದು ಕಡಲಿಗೆ ಹೆಸರಿಡೋರು ಬೇರೆ ಬೇರೆಯಂತೆ. ಒಂದೇ ಹೆಸರು ಎರಡು ಕಡೆ ಬಿದ್ದಿದೆ.”

“ಅಯ್ಯಯ್ಯೋ! ಭೂಮಿಯ ಆ ಮಗ್ಗುಲಲ್ಲೊಂದು, ಈ ಮಗ್ಗುಲಲ್ಲೊಂದು, ಒಟ್ಟೊಟ್ಟಿಗೇ ಸುತ್ತುತಿದ್ವಾ?”

ದರ್ಜಿ ಹೆಂಗಸಿಗೂ ಮೈ ಜುಮ್ಮೆಂದಿತು.

“ಹೂಂ. ರಾತ್ರಿಯೆಲ್ಲ ನೀವು ಬೈದಿದ್ದು ಯಾವ ಮರೀಲಾಗೆ ತಗುಲಿತೋ!”

ಅತ್ತೆ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. “ಹಾಗಾದ್ರೆ ಆ ಮುಳುಗಿದ ಹಡಗಲ್ಲಿದ್ದೋರು?”

“ಬೇರೆ ಯಾರದೋ ಮಕ್ಕಳು. ಇನ್ನೂ ಹುಡುಕ್ತಿದಾರಂತೆ.”

“ನಡಿ, ಬೇಗ ಮನೆಗೆ ಹೋಗಿ ಟೀವಿ ಹಾಕು. ಅವರು ಸಿಗೋವರೆಗೂ ಆರಿಸ್ಬೇಡ.”

ಸೊಸೆಯ ಕೈ ಹಿಡಿದು ಅವರು ಬಿರಬಿರನೆ ಮೆಟ್ಟಿಲಿಳಿದರು.