ಹಿಂಡಿನ ಭಾರದ ಕುರಿಯ ಅಳತೆ

ಹಾಗಾಗಿ, ನಿನ್ನೆ ಕುರಿನಾಯಿಗಳ ಪಂದ್ಯದ ಬೇಲಿಗೆ ಒರಗಿ ನಿಮ್ಮಲ್ಲಿ ಕೆಲವರಿಗೆ ಹೇಳುತ್ತಿದ್ದ ಮಾತನ್ನೇ ಮುಂದುವರಿಸುತ್ತೇನೆ: ಕುರಿ ಬೇರೆ, ನಾಯಿ ಬೇರೆ. ಕುರಿನಾಯಿ ಸಂಘದ ಅಧ್ಯಕ್ಷೆ ಶ್ರೀಮತಿ ಓಡ್ಲಮ್ ಅವರೇ, ಸ್ಕೋನು ಬನ್ನು ಬೇಯಿಸಿ ತಂದ ತಾಯಂದಿರೇ, ಉಣ್ಣೆ ಮೂಟೆಗಳ ಮೇಲೆ ಕುಳಿತ ಸಭಿಕರೇ, ಬೇಡ ಬೇಡವೆಂದರೂ ಈ ಬೀಳ್ಕೊಡುಗೆಗೆ ಸಿಕ್ಕಿಬಿದ್ದ ನನ್ನ ನೆರೆಯವನಾದ ಮರ್ವ್ ಹ್ಯಾಸೆಟ್ಟನೇ,

ನಾಯಿಗೆ ಮನುಷ್ಯರ ಮಾತ್ರೆ ಕೊಡುವ ವಿಷಯ ಮಾತಾಡಿ ಎಂದರು ಅಧ್ಯಕ್ಷರು. ಬೀಳ್ಕೊಡುಗೆಯ ದಿನ ಇದೆಂಥ ವಿಷಯ? ಮರ್ವ್ ಊರು ಬಿಡುತ್ತಿರುವುದೇ ಅದಕ್ಕಲ್ಲವೇ? ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿಲ್ಲ.

ಸಮಯಕ್ಕೆ ಹಾಕಿದ ಒಂದು ಹೊಲಿಗೆ ಮುಂದಿನ ಎಷ್ಟೋ ಹೊಲಿಗೆಗಳನ್ನು ಉಳಿಸುತ್ತದೆ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಕಲಿಸಿದ್ದರು. ಎಷ್ಟನ್ನು ಎಂಬುದು ಮರೆತಿದೆ. ನನ್ನ ಹೆಂಡತಿ ಡೋರೀನ್ ಇದ್ದಿದ್ದರೆ ಹೇಳಿಕೊಡುತ್ತಿದ್ದಳು.

ಅವಳು ತೀರಿಹೋದ ಮೇಲೆ ಮನೆಯಲ್ಲಿ ಉಳಿದದ್ದು ಅವಳ ಕುರಿನಾಯಿ ಟಿಲ್ಲಿ. ಖಾಲಿ ಕುರ್ಚಿಯ ಕೆಳಗೇ ಮಲಗುತ್ತಿತ್ತು. ನಾನು ಕರೆದರೆ ಒಂದು ಕಿವಿ ಮಾತ್ರ ಎತ್ತುತ್ತಿತ್ತು, ಯಜಮಾನಿಯೂ ಹಾಗೆಯೇ. ನಗಿ, ಅವಳೂ ನಗುತ್ತಿದ್ದಳು.

ಹೋದ ವಸಂತದಲ್ಲಿ ನಾದಿನಿಯನ್ನು ನೋಡಲು ಅಡಿಲೇಡಿಗೆ ಹೊರಟಾಗ ಟಿಲ್ಲಿಯನ್ನು ಮರ್ವ್ ಬಳಿ ಬಿಟ್ಟೆ. ಹುಲ್ಲು ಹೂಬಿಡುವ ಕಾಲ. ಟಿಲ್ಲಿಗೂ ಮರ್ವ್‌ನ ದೊಡ್ಡ ನಾಯಿಗೂ ಮೈಯೆಲ್ಲ ತುರಿಕೆ. ಮರ್ವ್ ತನ್ನ ಅಲರ್ಜಿ ಮಾತ್ರೆಗಳನ್ನೇ ತೆಗೆದ. ಕುರಿಗಳಿಗೆ ಹುಳುವಿನ ಮದ್ದು ಕುಡಿಸುವಾಗ ನಾವೇನು ಮಾಡುತ್ತೇವೆ? ಹಿಂಡಿನಲ್ಲಿ ಅತಿ ಭಾರದ ಕುರಿಯನ್ನು ತೂಗಿ, ಎಲ್ಲಕ್ಕೂ ಅದೇ ಅಳತೆ ಕೊಡುತ್ತೇವೆ. ಕಡಿಮೆಯಾದರೆ ಹುಳು ಸಾಯುವುದಿಲ್ಲ. ಕೈಗೆ ಹತ್ತಿದ ರೂಢಿ. ದೊಡ್ಡ ನಾಯಿಯ ಅಳತೆಯೇ ಪುಟ್ಟ ಟಿಲ್ಲಿಗೂ ಬಿತ್ತು. ಅದಕ್ಕಿಂತ ಕೇಡೆಂದರೆ, ಆ ಮಾತ್ರೆಯಲ್ಲಿ ಕಟ್ಟಿದ ಮೂಗು ಬಿಡಿಸುವ ಮದ್ದೂ ಸೇರಿತ್ತು. ದೊಡ್ಡದು ನಡುಗಿ ಬದುಕಿಕೊಂಡಿತು. ಟಿಲ್ಲಿಯ ಎದೆಬಡಿತ ಓಡಿ ಓಡಿ ನಿಂತಿತು.

ನಾನು ಬಂದಾಗ ಮರ್ವ್ ಗೇಟಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಬೈದ್‌ಬಿಡೋ ಮಾರಾಯ."

"ಟೀ ಕುಡೀತೀಯಾ?" ಎಂದೆ.

"ನಿನ್ ಟೀ ಯಾವನಿಗೆ ಬೇಕೋ? ಒಂದೇಟಾದ್ರೂ ಹೊಡಿ!"

ಹೊಡೆಯಲು ಕೈ ಬರಲಿಲ್ಲ, ಒಬ್ಬನೇ ಒಳಗೆ ಹೋಗಿ ಟೀಗೆ ನೀರಿಟ್ಟೆ. ಅಂದಿನಿಂದ ಅವನು ಬೇಲಿಯ ಆಚೆ, ನಾನು ಈಚೆ.

ಸಭಿಕರೇ, ನಾಯಿಯ ವೈದ್ಯರು ಫೋನಿಗೆ ಸಿಗುತ್ತಾರೆ. ಮೊದಲು ಅವರನ್ನು ಕೇಳಿ. ಬರೀ ಅಲರ್ಜಿಯ ಮಾತ್ರೆಗಳಲ್ಲಿ ಕೆಲವು ನಾಯಿಗೆ ಆದಾವು, ನಾಯಿಯ ತೂಕ ನೋಡಿ ಅವರು ಹೇಳಿದಷ್ಟೇ. ಮೂಗಿನ ಮದ್ದು ಸೇರಿದ್ದು ಬೇಡ. ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ಸಿಹಿ ಗುಳಿಗೆ, ಸಿರಪ್ಪು ಬೇಡವೇ ಬೇಡ. ವಿಟಮಿನ್ ತಾನೇ ಎಂದು ಡಿ ಮಾತ್ರೆ ಹಾಕಿದರೂ ವಿಷವಾದೀತು. ಮೀನೆಣ್ಣೆಯನ್ನೂ ಕೇಳಿಯೇ ಕೊಡಿ.

ಮರ್ವ್, ಸಾಕಿದ ನಾಯಿಗಳನ್ನೆಲ್ಲ ಹಂಚಿಬಿಟ್ಟೆಯಂತೆ. ನಾಯಿಯಿಲ್ಲದೆ ನೀನು ಹೋಗುವ ಆ ಸಮುದ್ರದ ದಡದಲ್ಲಿ ಏನು ಮಾಡುತ್ತೀ, ಸೀಗಲ್ ಹಕ್ಕಿಗಳನ್ನು ಹಟ್ಟಿಗೆ ಅಟ್ಟುತ್ತೀಯಾ? ನಾನೊಂದು ನಾಯಿಮರಿ ತಂದಿದ್ದೇನೆ. ಮುಂದಿನ ತಿಂಗಳು ನನ್ನ ಕಣ್ಣಿನ ಆಪರೇಷನ್ನು. ಆಗ ಮರಿಯನ್ನು ಬಿಟ್ಟುಹೋಗಲು ನಿನ್ನ ಮನೆಯೇ ಬೇಕು, ಅದು ಸಮುದ್ರದ ದಡದಲ್ಲಿದ್ದರೂ ಸರಿ. ಬೇರೆ ಮನೆಗಳಿವೆ, ನನಗೆ ಬೇಡ.

ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ನೀನು ತಲೆಯಾಡಿಸಿದರೂ ಇಲ್ಲಿಂದ ಕಾಣದು. ಮರಿಯನ್ನು ನೋಡಿಕೊಳ್ಳುತ್ತೀಯೋ ಇಲ್ಲವೋ, ಬಾಯಿ ಬಿಟ್ಟೇ ಹೇಳು. ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ. ಹೇಳು, ಮರ್ವ್.